ಇದ್ಯಾ ರಾಯರ ಮನೆ ವಿಳಾಸ

ಇದ್ಯಾ ರಾಯರಿಗೆ ತಂದೆತಾಯಿ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಆಫೀಸಿಗೆ ಸೇರಿದ ಸ್ವಲ್ಪ ದಿನಕ್ಕೇ ಅದು ಸಂಬಳದ ದಿನ ಬಿಟ್ಟರೆ ಇನ್ನೆಂದೂ ಯಾರ ಬಾಯಲ್ಲೂ ಬರದಂತಾಯಿತು. ಅದಕ್ಕೆ ಕಾರಣ ಅವರ ಕೆಲಸ.

ಆ ಆಫೀಸಿನವರು ಸರದಿ ಕೂಗುವ ಪ್ರೋಗ್ರಾಂ ಬರೆದು ಕೊಡುತ್ತಿದ್ದರು. ಆಸ್ಪತ್ರೆ, ಬ್ಯಾಂಕು, ಲೈಸೆನ್ಸ್ ಕಚೇರಿ, ಹೀಗೆ ಎಲ್ಲೆಲ್ಲಿ ಜನ ಚೀಟಿ ಹಿಡಿದುಕೊಂಡು ತೂಕಡಿಸುತ್ತಾರೋ ಅಲ್ಲೆಲ್ಲ ಗೋಡೆಯ ಮೇಲಿನ ಪರದೆಯೊಂದು "ಮುಂದಿನವರು ಮೂರನೇ ಕಿಟಕಿಗೆ ಬನ್ನಿ" ಎನ್ನುತ್ತದಲ್ಲ, ಅದು ಇವರದೇ ಕೈವಾಡ. ಪರದೆಗೆ ಹಾಗೆ ಕೂಗಲು ಹೇಳುವ ದೊಡ್ಡ ಕಂಪ್ಯೂಟರು ಒಳಕೋಣೆಯಲ್ಲೆಲ್ಲೋ ಇರುತ್ತದೆ. ಪರದೆಗೆ ಅದರ ಹೆಸರು ಗೊತ್ತು, ವಿಳಾಸ ಗೊತ್ತಿಲ್ಲ. ಹೆಸರು ಹೇಳಿದರೆ ವಿಳಾಸ ಹುಡುಕಿಕೊಡುವ ಫಂಕ್ಷನ್ ಎಂಬ ಸಿದ್ಧ ಸಲಕರಣೆಯೊಂದು ಕಂಪ್ಯೂಟರಿನಲ್ಲಿ ಇರಬೇಕು. ಇರಬೇಕು ಸರಿ, ಇದೆಯೇ? ಹೊಸ ಯಂತ್ರಗಳಲ್ಲಿ ಹೊಸ ಮಾದರಿಯದು ಇರುತ್ತದೆ, ಹಳೆಯದರಲ್ಲಿ ಹಳೆಯದು. ಕೆಲವು ಮುದಿ ಯಂತ್ರಗಳಲ್ಲಿ ಎರಡೂ ಇರುವುದಿಲ್ಲ. ಗುರುತಿಲ್ಲದ ಮನೆಗೆ ಅಡುಗೆ ಮಾಡಲು ಹೋದವನು ಒಲೆ ಹಚ್ಚುವ ಮೊದಲು ಸೌಟು ಎಲ್ಲಿ, ಬಾಣಲೆ ಎಲ್ಲಿ ಎಂದು ಇಣುಕುವ ಹಾಗೆ, ಪ್ರೋಗ್ರಾಂ ಕೂಡ ಒಂದೊಂದು ಯಂತ್ರದಲ್ಲೂ ತನ್ನನ್ನು ತಾನು ಕಟ್ಟಿಕೊಳ್ಳುವ ಮೊದಲು "ಈ ಫಂಕ್ಷನ್ ಇದ್ಯಾ? ಅದು ಇದ್ಯಾ? ಯಾವುದೂ ಇಲ್ವಾ?" ಎಂದು ಒಂದು ವಿಚಾರಣೆ ನಡೆಸುತ್ತದೆ. ಆ ವಿಚಾರಣೆಯನ್ನು ಬರೆಯುವ ಕೆಲಸ ರಾಯರದು.

ಕೆಲಸದ ಗುಣ ಮೈಗೆ ಹತ್ತದೆ ಬಿಡುತ್ತದೆಯೇ? ಬಸ್ಸು ಹತ್ತುವ ಮುಂಚೆ ಡ್ರೈವರನ್ನು "ಬ್ರೇಕ್ ಇದ್ಯಾ?" ಎಂದು ಕೇಳಿ, ಹತ್ತುವ ಮುಂಚೆಯೇ ಇಳಿಸಿಕೊಂಡಿದ್ದರು. ಹೆಂಡತಿಯಾಗಲಿದ್ದವಳನ್ನು ಮೊದಲ ಸಲ ಕಂಡಾಗ ಅವರು ಆಡಿದ ಮೊದಲ ಮಾತು "ತಾಳ್ಮೆ ಇದ್ಯಾ?" ಎಂಬುದು. ಆಕೆ ನಕ್ಕು ಇದೆ ಎಂದಳು. ಅದನ್ನು ಅವರು ಪರೀಕ್ಷೆ ಮಾಡದೆ ನಂಬಿದರು. ಪರೀಕ್ಷೆ ಮದುವೆಯಾದ ಮೇಲೆ ಶುರುವಾಗಿ ಇವತ್ತಿಗೂ ನಡೆಯುತ್ತಿದೆ.

ಈ ಪರೀಕ್ಷೆಯ ಚಟದಿಂದ ಅವರು ಬಿಟ್ಟ ಬಾಡಿಗೆ ಮನೆಗಳ ಕಥೆಯೇ ಒಂದು ಪುರಾಣ. ಒಂದು ಮನೆಯಲ್ಲಿ ಬೆಂಕಿಯ ಗಂಟೆ ಕೆಲಸ ಮಾಡುತ್ತದೆಯೇ ಎಂದು ನೋಡಲು ಅದರ ಕೆಳಗೆ ಹಳೇ ಪೇಪರು ಸುಟ್ಟರು. ಗಂಟೆ ಚೆನ್ನಾಗಿಯೇ ಕೆಲಸ ಮಾಡಿತು. ಕಟ್ಟಡದವರೆಲ್ಲ ಟವೆಲ್ಲಿನಲ್ಲಿ ಬೀದಿಗೆ ಬಂದು ನಿಂತರು. ಇನ್ನೊಂದು ಮನೆಯಲ್ಲಿ ಓನರಿನ ನಾಯಿ ಕಳ್ಳರನ್ನು ಹಿಡಿಯುತ್ತದೆಯೇ ಎಂದು ತಿಳಿಯಲು ಮುಖಕ್ಕೆ ಟೋಪಿ ಎಳೆದುಕೊಂಡು ಹಾಡಹಗಲೇ ಕಾಂಪೌಂಡ್ ಹಾರಿದರು. ನಾಯಿ ಹಿಡಿಯಿತು. ಆದರೆ ಆ ಓನರು ಮನೆ ಬಿಡಿಸಿದ್ದು ಕಾಂಪೌಂಡ್ ಹಾರಿದ್ದಕ್ಕಲ್ಲ. "ನಿಮ್ಮನ್ನ ಕಚ್ಚಿದಾಗಿಂದ ನಮ್ಮ ನಾಯಿ ಊಟ ಬಿಟ್ಟಿದೆ ಸ್ವಾಮಿ" ಎಂದು ಆತ ಕಣ್ಣೊರೆಸಿಕೊಂಡಿದ್ದ.

ಹೀಗೆ ಗಂಟುಮೂಟೆ ಕಟ್ಟಿ ಬಿಚ್ಚಿ ಸಾಕಾಗಿದ್ದ ರಾಯರ ಹೆಂಡತಿಗೆ ಈಗಿನ ಮನೆ ಸಿಕ್ಕಾಗ ಮರುಜೀವ ಬಂದಂತಾಗಿತ್ತು. ಎರಡನೇ ಮಹಡಿ. ಅಡುಗೆಮನೆಗೊಂದು ದೊಡ್ಡ ಕಿಟಕಿ. ಒಲೆಯ ಮುಂದೆ ನಿಂತರೆ ಬೀದಿಯ ತಿರುವು, ಇಸ್ತ್ರಿ ಅಂಗಡಿ, ಸ್ಕೂಲು ಬಿಟ್ಟು ಬರುವ ಮಕ್ಕಳು ಎಲ್ಲ ಕಾಣುತ್ತಿತ್ತು. ಅಲ್ಲಿಯವರೆಗೂ ಆಕೆ ಅಡುಗೆ ಮಾಡಿದ್ದೆಲ್ಲ ಪಕ್ಕದ ಮನೆಯ ಗೋಡೆ ನೋಡಿಕೊಂಡು. ಮೊದಲ ದಿನವೇ ಕಿಟಕಿಗೆ ಹಳದಿ ಪರದೆ ಕಟ್ಟಿ, "ನೋಡಿ, ಈ ಕಿಟಕಿ ಬಿಟ್ಟು ನಾನು ಎಲ್ಲಿಗೂ ಬರಲ್ಲ. ನೀವು ಏನು ಪರೀಕ್ಷೆ ಮಾಡೋದಿದ್ರೂ ಆಫೀಸಲ್ಲಿ ಮಾಡ್ಕೊಳ್ಳಿ" ಎಂದಿದ್ದಳು. ರಾಯರು ಆಗಲಿ ಎಂದರು. ಮಾತಿಗೆ ತಪ್ಪಲಿಲ್ಲ. ಪರೀಕ್ಷೆಯನ್ನು ಆಫೀಸಿನಲ್ಲೇ ಮಾಡಿದರು. ಅಲ್ಲೇ ಎಡವಟ್ಟಾದದ್ದು.

ಆದದ್ದಿಷ್ಟು. ಒಂದು ಆಸ್ಪತ್ರೆಯ ಮುದಿ ಕಂಪ್ಯೂಟರು, ರಾಯರ ವಿಚಾರಣೆ "ವಿಳಾಸದ ಫಂಕ್ಷನ್ ಇದ್ಯಾ?" ಎಂದಾಗ ಇದೆ ಎಂದಿತು. ಇದ್ದದ್ದೂ ನಿಜ. ಆದರೆ ಯಾವ ಹೆಸರು ಕೊಟ್ಟರೂ ಅದು ಬಾಯಿಗೆ ಬಂದ ವಿಳಾಸ ಹೇಳುತ್ತಿತ್ತು. ಮೂಳೆ ವಿಭಾಗದ ಪರದೆ ತನ್ನ ದೊಡ್ಡ ಕಂಪ್ಯೂಟರನ್ನು ಹುಡುಕಿಕೊಂಡು ಹೊರಟು ಕ್ಯಾಂಟೀನಿನ ಬಿಲ್ ಯಂತ್ರಕ್ಕೆ ಗಂಟುಬಿತ್ತು. ಕೈಕಾಲು ಮುರಿದುಕೊಂಡು ಕೂತವರ ಮುಂದೆ ಇಡೀ ಬೆಳಗ್ಗೆ "ಮುಂದಿನವರು: ಎರಡು ಟೀ, ಒಂದು ಬನ್" ಎಂದು ಕೂಗುತ್ತಿತ್ತು.

ಆಫೀಸಿನ ಮ್ಯಾನೇಜರು ರಾಯರನ್ನು ಕರೆಸಿ ಮೇಜು ಕುಟ್ಟಿದರು. "ಇದ್ಯಾ ಅಂತ ಕೇಳ್ಬಿಟ್ರೆ ಆಯ್ತೇನ್ರೀ? ಇದ್ದದ್ದು ಕೆಲಸ ಮಾಡತ್ತಾ ಅಂತ ನೋಡ್ಬೇಡ್ವಾ? ಹೆಸರು ಕೊಡಿ, ವಿಳಾಸ ತಗೊಳ್ಳಿ, ಆ ವಿಳಾಸಕ್ಕೆ ಹೋಗಿ ಬಾಗಿಲು ತಟ್ಟಿ ನೋಡಿ. ಆಮೇಲೆ ನಂಬಿ!"

ರಾಯರ ಮನಸ್ಸಿಗೆ ಹಿಡಿಸಿದ ಮಾತು. ಹಾಗೇ ಬರೆದರು. ಬಾಗಿಲು ತೆರೆದರೂ ಸರಿ, ಒಳಗಿನಿಂದ "ಹೋಗಯ್ಯ" ಎಂದರೂ ಸರಿ, ಒಂದು ಉತ್ತರ ಬಂದರೆ ಫಂಕ್ಷನ್ ಇದೆ ಎಂದು ಲೆಕ್ಕ. ಉತ್ತರವೇ ಬರದಿದ್ದರೆ ಮತ್ತೆ ತಟ್ಟು, ಮತ್ತೂ ತಟ್ಟು. ಎಲ್ಲ ಆಯಿತು, ತಟ್ಟುವುದಕ್ಕೆ ಯಾರ ಬಾಗಿಲು?

ಇಲ್ಲಿ ರಾಯರ ಚಿಕ್ಕದೊಂದು ಜಂಬದ ವಿಷಯ ಹೇಳಲೇಬೇಕು. ಅದೇ ವಾರ ಅವರು ಮನೆಯ ಕಂಪ್ಯೂಟರಿಗೆ ನೆಟ್‌ವರ್ಕಿನಲ್ಲಿ ಸ್ವಂತ ಹೆಸರು ಮಾಡಿಸಿದ್ದರು. ಪ್ರಪಂಚದ ಯಾವ ಮೂಲೆಯಿಂದ ಆ ಹೆಸರು ಹೇಳಿದರೂ ನೇರ ಅವರ ಮನೆಗೇ ಬರಬೇಕು, ಅಂಥ ವ್ಯವಸ್ಥೆ. ಈ ಸುದ್ದಿಯನ್ನು ಅವರು ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದರು. ಯಾರೂ ಹುಬ್ಬೇರಿಸಲಿಲ್ಲ. ಮಾವನವರಂತೂ ಫೋನಿನಲ್ಲಿ, "ಮನೆಗೆ ಹೆಸರಿಟ್ರಾ? ಸಂತೋಷ. ಮನೆ ನಿಮ್ಮದಾ?" ಎಂದು ಕೇಳಿ ಕರುಳು ಕತ್ತರಿಸಿದ್ದರು. ನೊಂದ ರಾಯರು ಪರೀಕ್ಷೆಯ ಸಾಲಿನಲ್ಲಿ ಆ ಹೆಸರನ್ನೇ ಬರೆದರು. ತಾತ್ಕಾಲಿಕವಾಗಿ ಇರಲಿ, ಆಮೇಲೆ ಬದಲಾಯಿಸೋಣ ಎಂದುಕೊಂಡರು. ಆಮೇಲೆ ಬೇರೆ ಕೆಲಸ ಬಂತು, ಅದರ ಮೇಲೆ ಇನ್ನೊಂದು ಬಂತು, ರಾಯರು ಅದನ್ನು ಸಂಪೂರ್ಣ ಮರೆತರು.

ಕೆಲವು ತಿಂಗಳು ಕಳೆದವು. ಒಂದು ಗುರುವಾರ, ಕೆಳಮನೆಯ ಓನರಮ್ಮ ನೋಡುತ್ತಿದ್ದ ಧಾರಾವಾಹಿಯಲ್ಲಿ ಸೊಸೆ ಅತ್ತೆಯ ಕಪಾಳಕ್ಕೆ ಬಾರಿಸಲು ಎತ್ತಿದ ಕೈ ಎತ್ತಿದ ಹಾಗೇ ನಿಂತುಬಿಟ್ಟಿತು. ಟಿವಿಗೂ ಇಂಟರ್‌ನೆಟ್ಟಿಗೂ ಕಟ್ಟಡಕ್ಕೆಲ್ಲ ಒಂದೇ ಲೈನು. ಓನರಮ್ಮ ಬಾಕ್ಸಿಗೆ ಎರಡು ಬಾರಿಸಿ ನೋಡಿದರು. ಕೈ ಇಳಿಯಲಿಲ್ಲ. ಮಧ್ಯಾಹ್ನ ಲೈನ್‌ಮನ್ ಬಂದು, ತನ್ನ ಲ್ಯಾಪ್‌ಟಾಪ್ ಸಿಕ್ಕಿಸಿ, ಸ್ವಲ್ಪ ಹೊತ್ತು ನೋಡಿ, ಮೆಟ್ಟಿಲು ಹತ್ತಿ ರಾಯರ ಬಾಗಿಲಿಗೆ ಬಂದ. ಹಿಂದೆ ಓನರಮ್ಮ. ಅವರ ಹಿಂದೆ ಎದುರು ಮನೆಯ ರಿಟೈರ್ಡ್ ಮೇಷ್ಟ್ರು. ಬೀದಿಯಲ್ಲಿ ಇಬ್ಬರಿಗಿಂತ ಹೆಚ್ಚು ಜನ ನಡೆದರೆ ಹಿಂದೆ ಬರುವುದು ಅವರ ಅಭ್ಯಾಸ.

"ಸಾರ್, ನೀವು ಏನು ಕೆಲಸ ಮಾಡೋದು?" ಎಂದ ಲೈನ್‌ಮನ್.

"ಯಾಕಪ್ಪಾ?"

"ಇಡೀ ಪ್ರಪಂಚ ನಿಮ್ಮನ್ನ ಕೇಳ್ಕೊಂಡು ಬರ್ತಾ ಇದೆ. ಎಲ್ಲಾ ದೇಶದೋರೂ ಇದಾರೆ. ನನಗೆ ಹೆಸರು ಓದೋಕೇ ಬರದ ದೇಶಗಳೂ ಇವೆ."

"ಏನು ಬೇಕಂತೆ?"

"ಅದೇ ಸಾರ್ ಗೊತ್ತಾಗ್ತಿಲ್ಲ. ನಿಮ್ಮ ಹೆಸರು ಹೇಳ್ತಾರೆ, ಬಾಗಿಲು ತಟ್ತಾರೆ, ಇದೀರಾ ಅಂತ ನೋಡ್ತಾರೆ, ಹೋಗ್ತಾರೆ. ಒಂದು ವಸ್ತು ಮುಟ್ಟಲ್ಲ."

ಮೇಷ್ಟ್ರು ಓನರಮ್ಮನ ಕಿವಿಯಲ್ಲಿ, ಇಡೀ ಮಹಡಿಗೆ ಕೇಳುವ ಹಾಗೆ ಹೇಳಿದರು: "ಏನೂ ಮುಟ್ಟದೆ ಇದಾನಾ ಅಂತ ಮಾತ್ರ ನೋಡಿ ಹೋಗ್ತಾರೆ ಅಂದ್ರೆ ಏನು ಅರ್ಥ ತಾಯಿ? ಹೊಂಚು! ಈ ಮನುಷ್ಯ ಯಾವುದೋ ದೊಡ್ಡದನ್ನ ಹೊಡ್ಕೊಂಡು ಬಂದು ನಿಮ್ಮ ಮನೇಲಿ ಬಚ್ಚಿಟ್ಕೊಂಡಿದಾನೆ."

ಸಂಜೆಯೊಳಗೆ ಬೀದಿ ಎರಡು ಪಕ್ಷವಾಯಿತು. ರಾಯರು ಅಂತರರಾಷ್ಟ್ರೀಯ ಕಳ್ಳ ಎಂಬುದು ಮೇಷ್ಟ್ರ ಪಕ್ಷ. ಹೊರಗೆ ಪೆದ್ದನ ಹಾಗೆ ಕಾಣುವ ಮಹಾಜ್ಞಾನಿ ಎಂಬುದು ಇಸ್ತ್ರಿ ಅಂಗಡಿಯ ಪಕ್ಷ. ಅವರು ಬೀದಿಯಲ್ಲಿ ನಡೆದರೆ ಕೆಲವರು ಮಕ್ಕಳನ್ನು ಒಳಗೆ ಎಳೆದುಕೊಂಡರು, ಕೆಲವರು ಎದ್ದು ನಿಂತು ನಮಸ್ಕರಿಸಿದರು. ರಾಯರು ಇಬ್ಬರಿಗೂ ಒಂದೇ ರೀತಿ ಹಲ್ಲು ಕಿರಿದರು. ಅದರಿಂದ ಎರಡೂ ಪಕ್ಷದವರ ನಂಬಿಕೆ ಗಟ್ಟಿಯಾಯಿತು.

ಸುದ್ದಿ ಮಾವನವರ ಕಿವಿಗೂ ಬಿತ್ತು. ಇಸ್ತ್ರಿ ಅಂಗಡಿಯ ಪಕ್ಷದಿಂದಲೇ ಬಿದ್ದಿರಬೇಕು, ಏಕೆಂದರೆ ಶುಕ್ರವಾರ ಬೆಳಗ್ಗೆ ಅವರು ಪಾಲಿಶ್ ಹಾಕಿದ ಬೂಟು ತೊಟ್ಟು, ಕೋಟು ಹಾಕಿಕೊಂಡು ಬಂದಿಳಿದರು. ಅಳಿಯನನ್ನು ಇದುವರೆಗೆ "ಅವರು" ಎಂದು ಮಾತ್ರ ಕರೆಯುತ್ತಿದ್ದ ಬಾಯಿ "ಅಳಿಯಂದ್ರೇ!" ಎಂದು ತಬ್ಬಿಕೊಂಡಿತು.

"ನನಗೆ ಮೊದಲಿಂದ ಗೊತ್ತಿತ್ತು ಕಣಮ್ಮ" ಎಂದರು ಮಗಳಿಗೆ. "ನಿನಗೇ ನಂಬಿಕೆ ಇರ್ಲಿಲ್ಲ."

"ಅಪ್ಪ, ಮದುವೆ ದಿನ 'ಇನ್ನೂ ಯೋಚ್ನೆ ಮಾಡು' ಅಂದಿದ್ದು ಯಾರು?"

"ಅದು ನಿನ್ನ ಪರೀಕ್ಷೆ ಮಾಡೋಕೆ ಅಂದಿದ್ದು" ಎಂದು ಮಾವನವರು ಟೀ ಕೇಳಿದರು.

ರಾಯರಿಗೆ ಮಾತ್ರ ತಲೆಬುಡ ತಿಳಿಯಲಿಲ್ಲ. ಬಂದವರಿಗೆ ಉತ್ತರ ಕೊಡುವುದರಿಂದಲೇ ಜನ ಬರುತ್ತಿದ್ದಾರೆ ಎಂದು ಊಹಿಸಿ, ಅಂದೇ ಸಂಜೆ ತಮ್ಮ ಕಂಪ್ಯೂಟರಿಗೆ "ಯಾರು ತಟ್ಟಿದರೂ ತುಟಿಪಿಟಕ್ ಅನ್ನಬೇಡ" ಎಂದು ಅಪ್ಪಣೆ ಮಾಡಿದರು. ಉತ್ತರ ಬರದಿದ್ದರೆ ಮತ್ತೆ ತಟ್ಟು ಎಂದು ಬರೆದವರು ತಾವೇ ಎಂಬುದು ನೆನಪಿದ್ದರೆ ತಾನೇ? ಒಂದು ಸಲ ತಟ್ಟಿ ಹೋಗುತ್ತಿದ್ದ ಪ್ರಪಂಚ ಈಗ ಬಿಡದೆ ಬಡಿಯತೊಡಗಿತು. ಬೆಳಗಾಗುವಷ್ಟರಲ್ಲಿ ಕಟ್ಟಡದ ಲೈನಿನ ಜೊತೆಗೆ ಬೀದಿಯ ಲೈನೂ ಸತ್ತಿತು. ಇಸ್ತ್ರಿ ಅಂಗಡಿಯ ಪಕ್ಷ ಕೂಡ ಮೇಷ್ಟ್ರ ಕಡೆ ವಾಲಿತು.

ಓನರಮ್ಮ ಮೇಲೆ ಬಂದು ಬಾಗಿಲಲ್ಲೇ ನಿಂತರು. ಅವರು ಕೆಟ್ಟವರಲ್ಲ, ಆದರೆ ಎತ್ತಿದ ಕೈ ಇಳಿಯದೆ ಅವರಿಗೆ ನಿದ್ದೆ ಕೆಟ್ಟಿತ್ತು. "ನೋಡೀಪ್ಪ, ನೀವು ಕಳ್ಳರೋ ಜ್ಞಾನಿಗಳೋ ನನಗೆ ಬೇಡ. ನಾಳೆ ಭಾನುವಾರ. ಸಂಜೆ ಒಳಗೆ ಈ ಬಂದುಹೋಗೋರೆಲ್ಲ ನಿಲ್ಲಬೇಕು. ಇಲ್ಲಾಂದ್ರೆ ಮನೆ ಖಾಲಿ ಮಾಡಿ."

ರಾಯರ ಹೆಂಡತಿ ಅಡುಗೆಮನೆಗೆ ಹೋಗಿ ಕಿಟಕಿಯ ಹಳದಿ ಪರದೆ ಬಿಚ್ಚಿ ಮಡಚಿಟ್ಟಳು. ಕೂಗಾಡಿದ್ದರೆ ರಾಯರು ತಡೆದುಕೊಳ್ಳುತ್ತಿದ್ದರು. ಆ ಮಡಚುವುದನ್ನು ನೋಡಲಾರದೆ ಅವರು ತಿಂಡಿಯನ್ನೂ ತಿನ್ನದೆ ಆಫೀಸಿಗೆ ಓಡಿದರು.

ಆಫೀಸಿನಲ್ಲಿ ಇನ್ನೊಂದು ರಾಮಾಯಣ. ಮ್ಯಾನೇಜರು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಓಡಾಡುತ್ತ ತಲೆಗೂದಲು ಕೀಳುತ್ತಿದ್ದರು. "ಬನ್ನಿ, ಬನ್ನಿ! ಬೆಳಗ್ಗೆಯಿಂದ ಒಂದೇ ಒಂದು ಯಂತ್ರದಲ್ಲೂ ನಮ್ಮ ಪ್ರೋಗ್ರಾಂ ಕಟ್ಟೋಕಾಗ್ತಿಲ್ಲ ಕಣ್ರೀ. ವಿಚಾರಣೆಯಲ್ಲೇ ಸಿಕ್ಕಾಕ್ಕೊಂಡು ಕೂತಿದೆ. ಯಾವನೋ ಪುಣ್ಯಾತ್ಮ ಬಾಗಿಲು ತೆಗೀತಿಲ್ಲವಂತೆ!"

ರಾಯರು ಬಗ್ಗಿ ಪರದೆ ನೋಡಿದರು. "ವಿಳಾಸದ ಫಂಕ್ಷನ್ ಇದ್ಯಾ, ನೋಡುತ್ತಿದ್ದೇನೆ" ಎಂಬ ಸಾಲು. ಅದರ ಕೆಳಗೆ, ತಟ್ಟುತ್ತಿರುವ ಬಾಗಿಲಿನ ಹೆಸರು. ಆ ಹೆಸರನ್ನು ಅವರು ಎಲ್ಲೋ ನೋಡಿದ್ದರು. ತಮ್ಮ ಮನೆಯಲ್ಲೇ ನೋಡಿದ್ದರು. ಅವರಿಗೆ ಕೂರಬೇಕೆನಿಸಿತು, ಕುರ್ಚಿ ಇದೆಯೇ ಎಂದು ನೋಡದೆ ಕೂತರು, ಇರಲಿಲ್ಲ.

ನೆಲದ ಮೇಲಿಂದಲೇ ಅವರು ಎಲ್ಲವನ್ನೂ ಒಪ್ಪಿಸಿದರು. "ಆದ್ರೆ ಸಾರ್, ನಮ್ಮ ಗಿರಾಕಿಗಳೆಲ್ಲ ಇದೇ ಊರೋರು. ಪ್ರಪಂಚ ಯಾಕೆ ಬರತ್ತೆ?"

ಈಗ ಮ್ಯಾನೇಜರ ಮುಖ ಬಿಳುಚಿತು. "ಅದು... ನಿಮ್ಮ ವಿಚಾರಣೆ ಬಹಳ ಚೆನ್ನಾಗಿದೆ ಅಂತ ದೊಡ್ಡ ಕಂಪನಿಯವರು ಒಬ್ರು ಮೆಚ್ಕೊಂಡ್ರು. ನಾನು ಹೆಮ್ಮೆಯಿಂದ, ನಮ್ಮ ಹುಡುಗ ಬರೆದದ್ದು, ಯಾರು ಬೇಕಾದ್ರೂ ತಗೊಳ್ಳಿ ಅಂದೆ. ಅವರು ತಗೊಂಡ್ರು. ಅವರಿಂದ ಇನ್ನೊಬ್ರು ತಗೊಂಡ್ರು. ಅಲ್ಲಿ ಯಾರೋ ಒಂದು ಅಲ್ಪವಿರಾಮ ತಿದ್ದಿದ್ರೂ ಸಾಕಂತೆ, ಅವರ ಯಂತ್ರಗಳು ಎಲ್ಲಾನೂ ಮೊದಲಿಂದ ಕಟ್ತವಂತೆ. ಪ್ರತಿ ಸಲ ಕಟ್ಟೋವಾಗ್ಲೂ ವಿಚಾರಣೆ..."

"ಪ್ರತಿ ಸಲ ನಮ್ಮನೆ ಬಾಗಿಲು" ಎಂದರು ರಾಯರು.

ತಮ್ಮ ಬರವಣಿಗೆ ಪ್ರಪಂಚದಲ್ಲೆಲ್ಲ ಓಡಾಡುತ್ತಿದೆ ಎಂಬುದು ಸಂತೋಷಪಡಬೇಕಾದ ಸಂಗತಿ. ರಾಯರು ಸಂತೋಷಪಡಲು ಪ್ರಯತ್ನವನ್ನೂ ಮಾಡಿದರು. ಮಡಚಿಟ್ಟ ಹಳದಿ ಪರದೆ ಕಣ್ಮುಂದೆ ಬಂದದ್ದರಿಂದ ಪ್ರಯತ್ನ ಕೈಬಿಟ್ಟರು.

"ಹೊಸ ಪ್ರತಿಯಲ್ಲಿ ತಿದ್ದಿ ಕೊಡೋಣ" ಎಂದರು ಮ್ಯಾನೇಜರು.

"ಕೊಡೋಣ ಸಾರ್. ಆದ್ರೆ ಹೊರಗೆ ಹೋಗಿರೋ ಹಳೇ ಪ್ರತಿಗಳು ವರ್ಷಗಟ್ಟಲೆ ತಟ್ತಾನೇ ಇರ್ತವೆ. ನನಗೆ ಟೈಮ್ ಇರೋದು ನಾಳೆ ಸಂಜೆವರೆಗೆ."

"ನಿಮ್ಮ ಮನೆ ಹೆಸರನ್ನೇ ಅಳಿಸಿಹಾಕಿ!"

"ಅಳಿಸಿದ್ರೆ ಎಲ್ಲಾ ಯಂತ್ರಗಳೂ ವಿಳಾಸದ ಫಂಕ್ಷನ್ ಇಲ್ಲ ಅಂದ್ಕೊಂಡು, ಇಲ್ಲದವರಿಗೆ ಇರಲಿ ಅಂತ ನಾನು ಬರೆದಿಟ್ಟಿರೋ ಬದಲಿ ಫಂಕ್ಷನ್ ಹಾಕ್ಕೊಳ್ತವೆ."

"ಅದು ಹೇಗಿದೆ?"

"ಅದನ್ನ ಇನ್ನೂ ಪರೀಕ್ಷೆ ಮಾಡಿಲ್ಲ ಸಾರ್" ಎಂದರು ರಾಯರು ನೆಲ ನೋಡುತ್ತ. ಮ್ಯಾನೇಜರ ಕಣ್ಣ ಮುಂದೆ, ಲೋಕದ ಎಲ್ಲ ಆಸ್ಪತ್ರೆಗಳ ಎಲ್ಲ ಪರದೆಗಳೂ ಒಟ್ಟಿಗೆ ಎರಡು ಟೀ, ಒಂದು ಬನ್ ಎಂದು ಕೂಗುವ ದೃಶ್ಯ ಹಾದುಹೋಯಿತು. "ಅಳಿಸ್ಬೇಡಿ" ಎಂದರು ಪಿಸುಗುಟ್ಟುತ್ತ. "ಮೊದಲು ಮನೆಗೆ ಹೋಗಿ, ಬಾಗಿಲು ತಟ್ಟಿದೋರಿಗೆ ಉತ್ತರ ಕೊಡು ಅಂತ ನಿಮ್ಮ ಕಂಪ್ಯೂಟರಿಗೆ ಹೇಳಿ. ನಾಳೆ ನಾನೂ ಬರ್ತೀನಿ. ಏನಾದ್ರೂ ಹೊಳೆಯತ್ತೆ."

ಭಾನುವಾರ ಬೆಳಗ್ಗೆ ಏನೂ ಹೊಳೆದಿರಲಿಲ್ಲ. ಮ್ಯಾನೇಜರು ಬಂದು ಎರಡು ಸಲ ಟೀ ಕುಡಿದರು. ರಾಯರ ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಒಂದೊಂದು ಪಾತ್ರೆ ಬಿದ್ದ ಸದ್ದಿಗೂ ರಾಯರು ಬೆಚ್ಚಿದರು. ಅಷ್ಟರಲ್ಲಿ ಬಾಗಿಲು ತಟ್ಟಿದ ಶಬ್ದವಾಯಿತು, ಈ ಸಲ ನಿಜವಾದ ಬಾಗಿಲು. ಸರ್ಕಾರಿ ಲೈನ್ ಆಫೀಸಿನ ದೊಡ್ಡ ಅಧಿಕಾರಿ, ಗಂಟುಮುಖ, ಕಂಕುಳಲ್ಲಿ ಕರೀ ಚೀಲ. ಜೊತೆಗೆ ಲೈನ್‌ಮನ್. ಹಿಂದೆ ಓನರಮ್ಮ, ಮೇಷ್ಟ್ರು.

ಬಾಗಿಲು ತೆರೆದದ್ದು ಕೋಟು ತೊಟ್ಟ ಮಾವನವರು. ಗಂಟುಮುಖ, ಕರೀ ಚೀಲ ನೋಡಿದ ಕೂಡಲೇ ಅವರಿಗೆ ಯಾವ ಅನುಮಾನವೂ ಉಳಿಯಲಿಲ್ಲ. ಸರ್ಕಾರದವರು ಬಿರುದು ಕೊಡಲು ಬಂದಿದ್ದಾರೆ.

"ಇಡೀ ಪ್ರಪಂಚ ಬರ್ತಿರೋ ಮನೆ ಇದೇನಾ?" ಎಂದರು ಅಧಿಕಾರಿ.

"ಇದೇ, ಇದೇ! ಬನ್ನಿ. ನಿಮ್ಮನ್ನೇ ಕಾಯ್ತಿದ್ವಿ."

"ಕಾಯ್ತಿದ್ರಾ?"

"ಒಂದಲ್ಲಾ ಒಂದಿನ ಬಂದೇ ಬರ್ತೀರಿ ಅಂತ ಗೊತ್ತಿತ್ತು. ಸ್ವಲ್ಪ ತಡ ಆಯ್ತು ಅಷ್ಟೇ."

ಅಧಿಕಾರಿ ಲೈನ್‌ಮನ್ ಮುಖ ನೋಡಿದರು. ಇಷ್ಟು ನಿರ್ಭಯವಾದ ಗ್ಯಾಂಗನ್ನು ಅವರು ಕಂಡಿರಲಿಲ್ಲ. "ಎಷ್ಟು ದಿನದಿಂದ ನಡೀತಿದೆ?"

"ಹುಟ್ಟುಗುಣ ಅಂತಾನೇ ಇಟ್ಕೊಳ್ಳಿ."

"ಜೊತೇಲಿ ಯಾರ್ಯಾರು?"

"ಕೈಯೆಲ್ಲ ನಮ್ಮ ಅಳಿಯಂದ್ರದೇ. ಹಿಂದೆ ನಿಂತು ಹುರಿದುಂಬಿಸಿದ್ದು ಮಾತ್ರ ನಾನು" ಎಂದು ಮಾವನವರು ನಾಚಿಕೊಂಡರು. "ನನ್ನ ಹೆಸರು ಮುಖ್ಯ ಅಲ್ಲ. ಹಾಕಲೇಬೇಕು ಅಂದ್ರೆ ಹಾಕಿ."

"ಹಾಕ್ತೀವಿ."

"ಫೋಟೋ ತೆಗೆಯೋವಾಗ ನಾನೂ ಪಕ್ಕದಲ್ಲಿ ನಿಲ್ಲಬಹುದಾ?"

"ನಿಲ್ಲಲೇಬೇಕಾಗತ್ತೆ" ಎಂದರು ಅಧಿಕಾರಿ. ಮೇಷ್ಟ್ರು "ನಾನು ಹೇಳ್ಲಿಲ್ವಾ!" ಎಂದು ಓನರಮ್ಮನ ಭುಜ ತಿವಿದರು.

ರಾಯರು ಓಡಿಬಂದು ಮಾವನನ್ನು ಕುರ್ಚಿಗೆ ಕೂರಿಸಿ, ಕೈ ಮುಗಿದು, ಮೂಳೆ ವಿಭಾಗದಿಂದ ಹಿಡಿದು ಅಲ್ಪವಿರಾಮದವರೆಗೆ ಎಲ್ಲವನ್ನೂ ಹೇಳಿದರು. ಅಧಿಕಾರಿ ಕಣ್ಣು ಮುಚ್ಚಿ ಕೇಳಿಸಿಕೊಂಡರು.

"ಅಂದ್ರೆ ಇದರಲ್ಲಿ ಕಳ್ಳತನ ಇಲ್ಲ?"

"ಇಲ್ಲ ಸಾರ್. ಬರೀ ದಡ್ಡತನ."

"ದಡ್ಡತನಕ್ಕೆ ನಮ್ಮಲ್ಲಿ ಸೆಕ್ಷನ್ ಇಲ್ಲ" ಎಂದರು ಅಧಿಕಾರಿ ನಿರಾಸೆಯಿಂದ. "ಆದ್ರೆ ಬೀದಿ ಲೈನ್ ಹಾಳು ಮಾಡಿದ್ದಕ್ಕೆ ನಿಮ್ಮ ಲೈನ್ ಕಡಿದು ಹಾಕೋಕೆ ಸೆಕ್ಷನ್ ಇದೆ. ಈ ಹೆಸರಿಗೆ ಬೇರೆ ವಿಳಾಸ ಬರೆಸಿ, ಆ ಜನ ಎಲ್ಲಾ ಅಲ್ಲಿಗೆ ಹೋಗ್ಲಿ."

"ಬರೆಸಬಹುದು ಸಾರ್. ಆದ್ರೆ ಯಾರ ವಿಳಾಸ? ಅಲ್ಲಿ ಉತ್ತರ ಕೊಡೋರು ಇರಬೇಕು. ನಮ್ಮ ಆಫೀಸಿಂದು..."

"ಬಾಯಿಗೆ ಬೀಗ!" ಎಂದು ಮ್ಯಾನೇಜರು ಟೀ ಚೆಲ್ಲಿಕೊಂಡರು. "ಸರ್ಕಾರದ್ದು ಕೊಡಿ. ಅವರ ಲೈನು ದಪ್ಪ."

"ನಮ್ಮ ಆಫೀಸ್ ವಿಳಾಸ ಕೊಟ್ಟೀರಾ, ಜೋಕೆ!" ಎಂದು ಅಧಿಕಾರಿ ಎದ್ದು ನಿಂತರು. "ಈ ಮೇಷ್ಟ್ರದ್ದು ಕೊಡಿ. ರಿಟೈರ್ ಆಗಿ ಕೂತಿದಾರೆ."

"ನನಗೆ ಬಿಪಿ ಇದೆ!" ಎಂದು ಮೇಷ್ಟ್ರು ಓನರಮ್ಮನ ಹಿಂದೆ ಸರಿದರು.

"ನಮ್ಮನೇದು ಕೊಡಿ" ಎಂದರು ಮಾವನವರು ಗಂಭೀರವಾಗಿ. "ಬರೋರು ಬರ್ಲಿ. ಮಾತಾಡಿಸಿ ಕಳಿಸ್ತೀನಿ." ಮಾವನವರ ಮನೆಯಲ್ಲಿ ಕಂಪ್ಯೂಟರೇ ಇಲ್ಲ ಎಂಬುದನ್ನು ಯಾರೂ ಅವರಿಗೆ ನೆನಪಿಸಲಿಲ್ಲ.

ಒಬ್ಬರ ಮೇಲೊಬ್ಬರು ಕೂಗಾಡತೊಡಗಿದರು. ಆಗ ಅಡುಗೆಮನೆಯಿಂದ ಢಣಾರ್ ಎಂದು ಸದ್ದಾಯಿತು. ರಾಯರ ಹೆಂಡತಿ ಕೈಯಲ್ಲಿದ್ದ ಪಾತ್ರೆಯನ್ನು ನೆಲಕ್ಕೆ ಕುಕ್ಕಿ ಹೊರಗೆ ಬಂದಿದ್ದಳು. ಕಣ್ಣು ಕೆಂಪಾಗಿತ್ತು.

"ಏನ್ರೀ ಇದು ಸಂತೆ! ಕಂಡೋರ ಮನೆ ವಿಳಾಸ ಯಾಕೆ ಹುಡುಕ್ತೀರಿ? ಯಾರು ಬಂದು ಕೇಳ್ತಾರೋ ಅವರ ಮನೆ ವಿಳಾಸನೇ ಅವರ ಕೈಗೆ ಕೊಟ್ಟು ಕಳಿಸಿ! ಅವರವರ ಬಾಗಿಲು ಅವರವರೇ ತಟ್ಕೊಂಡು ಸಾಯ್ಲಿ!"

ಹೇಳಿ ಒಳಗೆ ಹೋದಳು. ಅದು ಸಿಟ್ಟಿನ ಮಾತು, ಪರಿಹಾರ ಹೇಳುವ ಉದ್ದೇಶ ಆಕೆಗೆ ಕಿಂಚಿತ್ತೂ ಇರಲಿಲ್ಲ. ಆದರೆ ರಾಯರು ಬಾಯಿ ತೆರೆದುಕೊಂಡು ಹಾಗೇ ನಿಂತುಬಿಟ್ಟರು. ಮ್ಯಾನೇಜರೂ ನಿಂತರು. ಇಬ್ಬರೂ ಮುಖ ಮುಖ ನೋಡಿಕೊಂಡು ಒಟ್ಟಿಗೇ ಹಣೆ ಚಚ್ಚಿಕೊಂಡರು.

ಪ್ರಪಂಚದ ಪ್ರತಿ ಕಂಪ್ಯೂಟರಿಗೂ ತನ್ನನ್ನು ತಾನು ಕರೆದುಕೊಳ್ಳಲು ಒಂದು ವಿಳಾಸವಿದೆ. ಎಲ್ಲ ಯಂತ್ರಗಳಲ್ಲೂ ಒಂದೇ ಅದು. ಅದರ ಅರ್ಥ "ಇಲ್ಲೇ, ನಾನೇ" ಎಂದು. ಈ ಕಸುಬಿನಲ್ಲಿ ಕಣ್ಣು ಬಿಟ್ಟವನಿಗೆ ಮೊದಲ ದಿನ ಹೇಳಿಕೊಡುವ ಪಾಠ. ಬೇರೆ ಯಾರೇ ಆಗಿದ್ದರೂ ಪರೀಕ್ಷೆಗೆ ಮೊದಲಿಂದಲೇ ಅದನ್ನು ಬಳಸುತ್ತಿದ್ದರು. ಆದರೆ ಅದರಲ್ಲಿ ರಾಯರ ಹೆಸರು ಇರುತ್ತಿರಲಿಲ್ಲವಲ್ಲ.

ರಾಯರು ಮ್ಯಾನೇಜರ ಫೋನಿನಿಂದ ನೆಟ್‌ವರ್ಕ್ ಸಾಲ ಪಡೆದು ಕಂಪ್ಯೂಟರಿನ ಮುಂದೆ ಕೂತು, ನೆಟ್‌ವರ್ಕಿನ ವಿಳಾಸಪಟ್ಟಿಯಲ್ಲಿ ತಮ್ಮ ಹೆಸರಿನ ಮುಂದೆ ಇದ್ದ ಮನೆಯ ವಿಳಾಸ ಅಳಿಸಿ ಆ "ಇಲ್ಲೇ, ನಾನೇ" ವಿಳಾಸ ಬರೆದರು. ಇನ್ನು ಮೇಲೆ ಯಾವ ಯಂತ್ರ ರಾಯರ ಮನೆ ಎಲ್ಲಿ ಎಂದು ಕೇಳಿದರೂ "ನೀನಿರುವ ಕಡೆಯೇ" ಎಂಬ ಉತ್ತರ ಹೋಗುತ್ತದೆ. ಅದು ತನ್ನ ಬಾಗಿಲನ್ನು ತಾನೇ ತಟ್ಟಿ, ತಾನೇ "ಹೋಗಯ್ಯ" ಎಂದುಕೊಂಡು, ಫಂಕ್ಷನ್ ಇದೆ ಎಂದು ಸಮಾಧಾನಪಟ್ಟುಕೊಳ್ಳುತ್ತದೆ.

"ಈ ಬದಲಾವಣೆ ಪ್ರಪಂಚಕ್ಕೆಲ್ಲ ತಲುಪೋಕೆ ಸ್ವಲ್ಪ ಹೊತ್ತು ಬೇಕು" ಎಂದರು ರಾಯರು. ಎಲ್ಲರೂ ಕೆಳಗಿಳಿದು ಲೈನಿನ ಬಾಕ್ಸಿನ ಮುಂದೆ ನಿಂತರು. ಅದರ ದೀಪ ಜ್ವರ ಬಂದ ಹಾಗೆ ಅದುರುತ್ತಿತ್ತು. ರಾಯರ ಹೆಂಡತಿ ಮಾತ್ರ ಬಂದಿರಲಿಲ್ಲ. ರಾಯರ ಎದೆ ಆ ದೀಪದ ಜೊತೆಗೇ ಹೊಡೆದುಕೊಳ್ಳುತ್ತಿತ್ತು. ಅವರಿಗೆ ಕೆಲಸ ಹೋಗುವ ಭಯವಿರಲಿಲ್ಲ, ಅಧಿಕಾರಿಯ ಭಯವಿರಲಿಲ್ಲ, ಆ ಕಿಟಕಿಯೊಂದು ಉಳಿಯಲಿ ಎಂದು ಮಾತ್ರ ಬೇಡಿಕೊಳ್ಳುತ್ತಿದ್ದರು.

ಮೆಲ್ಲಗೆ ದೀಪದ ಅದುರಾಟ ಇಳಿಯಿತು. ನಿಂತು ನಿಂತು ಮಿನುಗಿತು. ಕೊನೆಗೆ ಊಟವಾದವರ ಹಾಗೆ ತೆಪ್ಪಗಾಯಿತು. ಲೈನ್‌ಮನ್ ಲ್ಯಾಪ್‌ಟಾಪ್ ನೋಡಿ "ಒಬ್ಬರೂ ಇಲ್ಲ ಸಾರ್!" ಎಂದು ಕೂಗಿದ. ಅದೇ ಗಳಿಗೆಗೆ ಓನರಮ್ಮನ ಮನೆಯೊಳಗಿಂದ ಛಟೀರ್ ಎಂದು ಸದ್ದು ಬಂತು. ಸೊಸೆಯ ಕೈ ಇಳಿದಿತ್ತು.

"ಬಿತ್ತು!" ಎಂದು ಓನರಮ್ಮ ಎರಡೂ ಕೈ ಮೇಲೆತ್ತಿದರು. ಒಳಗೆ ಓಡುತ್ತ ಓಡುತ್ತ ಮೆಟ್ಟಿಲ ಕಡೆ ತಿರುಗಿ, "ಏನಮ್ಮಾ, ಪಾತ್ರೆ ಎಲ್ಲಾ ಈಚೆ ತೆಗೆದಿಡಮ್ಮ! ಎಲ್ಲೂ ಹೋಗ್ಬೇಡಿ ನೀವು!" ಎಂದು ಕೂಗಿದರು.

ರಾಯರು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. ಮ್ಯಾನೇಜರು ಅವರ ಬೆನ್ನು ತಟ್ಟಿದರು, ಆಮೇಲೆ ತಮ್ಮ ಬೆನ್ನನ್ನೂ ತಟ್ಟಿಕೊಳ್ಳಲು ನೋಡಿದರು, ಕೈ ಎಟುಕಲಿಲ್ಲ. ಅಧಿಕಾರಿ ಕರೀ ಚೀಲ ಕಂಕುಳಿಗೇರಿಸಿ ಹೊರಟರು. ಮೇಷ್ಟ್ರು ಇದೆಲ್ಲ ತಮಗೆ ಮೊದಲೇ ಗೊತ್ತಿತ್ತು ಎಂದು ಹೇಳಿಕೊಂಡು ಅವರ ಹಿಂದೆ ನಡೆದರು.

ಮೇಲೆ ಬಂದು ನೋಡಿದರೆ ಪಾತ್ರೆಗಳು ಆಗಲೇ ಚೀಲದಿಂದ ಈಚೆ ಬಂದಿದ್ದವು. ರಾಯರ ಹೆಂಡತಿ ಸ್ಟೂಲಿನ ಮೇಲೆ ನಿಂತು ಹಳದಿ ಪರದೆ ಕಟ್ಟುತ್ತಿದ್ದಳು. ರಾಯರು ಸ್ಟೂಲು ಹಿಡಿದುಕೊಂಡರು. ಮಾವನವರು ಸಪ್ಪೆ ಮುಖ ಮಾಡಿಕೊಂಡು ಬಾಗಿಲಿಗೆ ಒರಗಿ ನಿಂತಿದ್ದರು.

"ಹಾಗಾದ್ರೆ ಇನ್ನು ನಿಮ್ಮನ್ನ ಕೇಳ್ಕೊಂಡು ಯಾರೂ ಬರಲ್ವಾ ಅಳಿಯಂದ್ರೆ?"

"ಯಾರೂ ಬರಲ್ಲ ಮಾವ."

"ಕೇಳೋದೂ ನಿಲ್ಲಿಸ್ತಾರಾ?"

"ಕೇಳೋದು ಕೇಳ್ತಾನೇ ಇರ್ತಾರೆ. ಆದ್ರೆ ರಾಯರ ಮನೆ ಎಲ್ಲಿ ಅಂತ ಯಾರು ಎಲ್ಲಿಂದ ಕೇಳಿದ್ರೂ, ಅವರಿರೋ ಜಾಗಾನೇ ರಾಯರ ಮನೆ ಅಂತ ಉತ್ತರ ಹೋಗತ್ತೆ."

ಮಾವನವರು ಒರಗಿದ್ದವರು ನೆಟ್ಟಗೆ ನಿಂತರು. "ಎಲ್ಲಾ ಕಡೆನೂ?"

"ಎಲ್ಲಾ ಕಡೆನೂ."

"ಯಾವ ದೇಶದಲ್ಲಿ ಕೇಳಿದ್ರೂ?"

"ಯಾವ ದೇಶದಲ್ಲಿ ಕೇಳಿದ್ರೂ."

ಮಾವನವರ ಮುಖ ಬೆಳಗಿತು. ಕೋಟಿನ ಗುಂಡಿ ಹಾಕಿಕೊಂಡರು. "ಕೇಳಿದ್ಯೇನಮ್ಮ? ಲೋಕದಲ್ಲಿರೋ ಮನೆಗಳೆಲ್ಲ ನಿನ್ನ ಗಂಡಂದೇ!" ಎಂದವರೇ, ಬಂಧುಗಳಿಗೆಲ್ಲ ಫೋನು ಮಾಡಲು ಹೊರಗೆ ಓಡಿದರು.

ರಾಯರ ಹೆಂಡತಿ ಪರದೆಯ ಕೊನೆಯ ಗಂಟು ಬಿಗಿದು, ಸ್ಟೂಲಿನಿಂದ ಇಳಿಯದೆ, ಬೀದಿಯ ತಿರುವನ್ನು ನೋಡುತ್ತ ನಿಂತಳು. ಆಮೇಲೆ ಗಂಡನ ತಲೆಯ ಮೇಲೆ ಕೈಯಿಟ್ಟು ಹೇಳಿದಳು:

"ನನಗೆ ಇದೊಂದು ಸಾಕು ಕಣ್ರೀ."